ಅಳಿಯನಿಗೊಂದು ಕಿವಿಮಾತು: ಚಕ್ರ ಹೊರಗೆ ತರುವ ಮುನ್ನ

ಅಳಿಯಾ, ಸೆಕೆಂಡ್ ಹ್ಯಾಂಡ್ ಆದರೂ ಒಳ್ಳೆಯ ಗಾಡಿಯನ್ನೇ ಹುಡುಕಿ ತಂದಿದ್ದೀಯ. ಪೋಲೋ ಜಿಟಿ ಟಿಎಸ್‌ಐ ಅಂದರೆ ನಿನ್ನ ವಯಸ್ಸಿನ ಹುಡುಗರು ಯಾಕೆ ಅಷ್ಟು ಬಾಯಿ ಬಿಡುತ್ತಾರೆ ಅನ್ನುವುದು ನನಗೂ ಗೊತ್ತು. 2013ರಲ್ಲಿ ಬಂದ ಕಾರು ಅದು. 1.2 ಲೀಟರಿನ ಪುಟ್ಟ ಟರ್ಬೊ ಎಂಜಿನ್ನಿಗೆ 105 ಕುದುರೆಗಳ ಶಕ್ತಿ, ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆ. 2022ರಲ್ಲಿ ನಮ್ಮ ದೇಶದಲ್ಲಿ ಪೋಲೋ ತಯಾರಿಕೆಯೇ ನಿಂತಮೇಲೆ, ಚೆನ್ನಾಗಿ ಇಟ್ಟುಕೊಂಡ ಗಾಡಿಗಳಿಗೆ ಬೇಡಿಕೆ ಇನ್ನೂ ಏರಿತು. ಆ ಲೆಕ್ಕದಲ್ಲಿ ನೀನು ಕೊಟ್ಟ ದುಡ್ಡು ಹೆಚ್ಚೇನಲ್ಲ.

ಆದರೆ ಮೊನ್ನೆ ನೀನು ಕೇಳಿದ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. “ಚಕ್ರ ಒಳಗೆ ಸೇರ್ಕೊಂಡಂಗೆ ಕಾಣ್ತೈತೆ ಮಾವ, ಸ್ಪೇಸರ್ ಹಾಕ್ಸಿ ಒಂದಿಷ್ಟು ಹೊರಗೆ ತರ್ಸಲಾ?” ಅಂದೆ. “ಬ್ಯಾಡ” ಅಂತ ಒಂದೇ ಮಾತಿನಲ್ಲಿ ಹೇಳಿದ್ದರೆ ನೀನು ತಲೆಯಾಡಿಸಿ, ಬೆಂಗಳೂರಿಗೆ ಹೋದವನೇ ಹಾಕಿಸಿಕೊಂಡು ಬರುತ್ತಿದ್ದೆ. ನಿನ್ನ ವಯಸ್ಸೇ ಅಂಥದ್ದು. ಅದಕ್ಕೆ ಕೂತು ಪೂರ್ತಿ ಬರೆಯುತ್ತಿದ್ದೇನೆ. ಓದಿದ ಮೇಲೆ ನಿನ್ನ ಗಾಡಿ, ನಿನ್ನ ತೀರ್ಮಾನ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಸ್ಪೇಸರ್ ಅನ್ನುವುದು ಪಾಪದ ವಸ್ತುವೇನಲ್ಲ. ಹಬ್ ಮತ್ತು ಚಕ್ರದ ನಡುವೆ ಕೂರುವ ಒಂದು ಅಲ್ಯುಮಿನಿಯಂ ಬಿಲ್ಲೆ, ಅಷ್ಟೇ. ಪೋರ್ಷೆಯಂಥ ಕಂಪನಿಯೇ ತನ್ನ ಕೆಲವು ಕಾರುಗಳಿಗೆ 5 ಮಿ.ಮೀ. ದಪ್ಪದ ಸ್ಪೇಸರ್ ಕೊಟ್ಟಿದೆ. ದೊಡ್ಡ ಬ್ರೇಕ್ ಕ್ಯಾಲಿಪರ್ ಹಾಕಿದಾಗ ಅದು ಚಕ್ರದ ಕಡ್ಡಿಗೆ ತಾಗದಿರಲಿ ಅಂತ ಸ್ಪೇಸರ್ ಹಾಕುವುದುಂಟು. ರೇಸಿನವರು ಮುಂದಿನ ಚಕ್ರಗಳ ನಡುವಿನ ಅಗಲಕ್ಕೂ ಹಿಂದಿನದ್ದಕ್ಕೂ ಕೊಂಚ ವ್ಯತ್ಯಾಸ ಮಾಡಿ, ತಿರುವಿನಲ್ಲಿ ಗಾಡಿಯ ನಡತೆಯನ್ನು ತಿದ್ದಿಕೊಳ್ಳುತ್ತಾರೆ. ಇವೆಲ್ಲ ಕಾರಣ ಇಟ್ಟುಕೊಂಡು ಮಾಡುವ ಕೆಲಸ. ಕಾರಣ ಏನು ಅಂತ ಹೇಳಲು ಬಾರದಿದ್ದರೆ ಆ ಬಿಲ್ಲೆ ನಿನ್ನ ಗಾಡಿಗೆ ಬೇಕಿಲ್ಲ. ನಾನು ಇಲ್ಲಿ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಪ್ರತಿ ಚಕ್ರಕ್ಕೂ ಆಫ್‌ಸೆಟ್ ಅಂತ ಒಂದು ಅಂಕಿ ಇರುತ್ತದೆ. ಚಕ್ರದ ನಟ್ಟನಡುವಿನ ಗೆರೆಯಿಂದ, ಅದು ಹಬ್‌ಗೆ ಒತ್ತಿ ಕೂರುವ ಮುಖ ಎಷ್ಟು ದೂರದಲ್ಲಿದೆ ಅನ್ನುವ ಅಳತೆ ಅದು. ಮಿಲಿಮೀಟರಿನಲ್ಲಿ ಇರುತ್ತದೆ, ಚಕ್ರದ ಒಳಗಡೆ ಇಟಿ ಅನ್ನುವ ಅಕ್ಷರದ ಪಕ್ಕ ಅಚ್ಚೊತ್ತಿರುತ್ತಾರೆ. ಆ ಅಂಕಿ 40 ಅಂತಿಟ್ಟುಕೋ. ನಡುವೆ 15 ಮಿ.ಮೀ. ಸ್ಪೇಸರ್ ಇಟ್ಟರೆ ಲೆಕ್ಕಕ್ಕೆ ಉಳಿಯುವುದು 25. ಆ 40 ಅನ್ನುವುದನ್ನು ಯಾರೋ ಮನಸ್ಸಿಗೆ ಬಂದಂತೆ ಬರೆದದ್ದಲ್ಲ. ಬೇರಿಂಗು ಎಲ್ಲಿ ಕೂರಬೇಕು, ಸ್ಟೀರಿಂಗ್ ತಿರುಗುವ ಅಚ್ಚು ಯಾವ ಕೋನದಲ್ಲಿ ನಿಲ್ಲಬೇಕು, ಸ್ಪ್ರಿಂಗಿಗೆ ಎಷ್ಟು ಬಲ ಬೇಕು ಅನ್ನುವುದನ್ನೆಲ್ಲ ಅದರ ಜತೆಗೇ ಕೂಡಿಸಿ ಕಳೆದು ನಿಲ್ಲಿಸಿದ ಅಂಕಿ. ಒಂದನ್ನು ಅಲುಗಿಸಿದರೆ ಉಳಿದವೂ ಅಲುಗುತ್ತವೆ.

ಬೇರಿಂಗಿನಿಂದಲೇ ಶುರು ಮಾಡೋಣ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ಅರ್ಧ ಮೈಲಿ ನಡೆಯಬಹುದು. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಗೆ ಭುಜ ಸೋಲುತ್ತದೆ. ಭಾರ ಅದೇ, ದೂರ ಮಾತ್ರ ಬೇರೆ. ನಿನ್ನ ಕಾರಿನ ಮುಂದಿನ ಒಂದೊಂದು ಚಕ್ರದ ಮೇಲೆ ಸುಮಾರು 350 ಕೆ.ಜಿ. ಭಾರ ಬೀಳುತ್ತದೆ. ಚಕ್ರವನ್ನು 20 ಮಿ.ಮೀ. ಹೊರಗೆ ತಂದರೆ, ಗಾಡಿ ಸುಮ್ಮನೆ ನಿಂತಿದ್ದಾಗಲೇ ಬೇರಿಂಗಿನ ಮೇಲೆ ಸುಮಾರು 70 ನ್ಯೂಟನ್ ಮೀಟರಿನಷ್ಟು ಹೆಚ್ಚುವರಿ ತಿರುಚು ಬಲ ಬೀಳುತ್ತದೆ. ಗುಂಡಿಗೆ ಇಳಿದಾಗ, ಬಣ್ಣ ಬಳಿಯದ ಹಂಪಿನ ಮೇಲೆ ಹಾರಿದಾಗ ಅದು ಹಲವು ಪಟ್ಟಾಗುತ್ತದೆ. ಬೇರಿಂಗು ಮಾರನೆಯ ದಿನವೇ ಕೈ ಕೊಡುವುದಿಲ್ಲ. ಮೆಲ್ಲಗೆ ಗೊರಗುಟ್ಟಲು ಶುರುಮಾಡುತ್ತದೆ. ನೀನು ಹಾಡು ಜೋರಾಗಿ ಇಟ್ಟುಕೊಂಡಿದ್ದರೆ ಅದೂ ಕೇಳುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಸ್ಟೀರಿಂಗಿನ ವಿಚಾರ. ಸ್ಟೀರಿಂಗ್ ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಒಂದು ಜಾಗದಲ್ಲಿ ಮುಟ್ಟುತ್ತದೆ. ಟೈರು ನೆಲಕ್ಕೆ ಒತ್ತುವ ಜಾಗದ ನಡುಮಧ್ಯ ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಸ್ಕ್ರಬ್ ರೇಡಿಯಸ್ ಅನ್ನುತ್ತಾರೆ. ಗೆರೆ ಟೈರಿನ ಮಧ್ಯಕ್ಕಿಂತ ಹೊರಗೆ ನೆಲ ಮುಟ್ಟಿದರೆ ಅದು ಋಣ, ಒಳಗೆ ಮುಟ್ಟಿದರೆ ಧನ. 1972ರಲ್ಲಿ ಬಂದ ಆಡಿ 80 ಕಾರಿನಲ್ಲಿ ಈ ಅಂತರವನ್ನು ಬೇಕೆಂದೇ ಋಣದ ಕಡೆಗೆ ಇಟ್ಟರು. ಮುಂದಿನ ಎರಡು ಚಕ್ರಗಳಲ್ಲಿ ಒಂದಕ್ಕೆ ಹಿಡಿತ ಸಿಕ್ಕಿ ಇನ್ನೊಂದು ಜಾರಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಯಲ್ಲ, ಆಗ ಈ ಋಣದ ಅಳತೆ ಚಕ್ರಗಳನ್ನು ತಾನಾಗಿಯೇ ಎದುರು ದಿಕ್ಕಿಗೆ ಕೊಂಚ ತಿರುಗಿಸಿ ಗಾಡಿಯನ್ನು ನೆಟ್ಟಗೆ ಹಿಡಿಯುತ್ತದೆ. ಆಡಿಯೂ ನಿನ್ನ ಪೋಲೋವೂ ಸೇರಿದ ಫೋಕ್ಸ್‌ವ್ಯಾಗನ್ ಮನೆತನದ ಮುಂಚಕ್ರ ಎಳೆತದ ಕಾರುಗಳಿಗೆ ಆ ವಿದ್ಯೆ ಇಳಿದು ಬಂದಿದೆ. ಸ್ಪೇಸರ್ ಇಟ್ಟಾಗ ಟೈರಿನ ಮಧ್ಯ ಹೊರಗೆ ಸರಿಯುತ್ತದೆ, ಋಣ ಕರಗುತ್ತದೆ. ದಪ್ಪ ಸ್ಪೇಸರ್ ಆದರೆ ಅದು ಧನಕ್ಕೂ ದಾಟಬಹುದು. ಆಗ ಎಳೆತವನ್ನು ತಡೆಯಬೇಕಾದ ಚಕ್ರವೇ ಎಳೆತಕ್ಕೆ ಸಹಾಯ ಮಾಡುತ್ತದೆ.

ಇದೆಲ್ಲ ಪುಸ್ತಕದ ಮಾತು ಅನ್ನಿಸಿದರೆ ನಮ್ಮ ರಸ್ತೆಗಳನ್ನೇ ನೆನಪು ಮಾಡಿಕೋ. ಎದುರಿಗೆ ಲಾರಿ ಬಂತೆಂದು ಎಡಗಡೆ ಚಕ್ರಗಳನ್ನು ಮಣ್ಣಿಗೆ ಇಳಿಸುತ್ತೀಯ. ಬಲಗಡೆಯವು ಡಾಂಬರಿನ ಮೇಲೇ ಇರುತ್ತವೆ. ಆ ಹೊತ್ತಿಗೆ ಬ್ರೇಕ್ ಒತ್ತಬೇಕಾಗಿ ಬಂದರೆ? ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹುರುಳಿ, ರಾಗಿ ಹರಡಿ ಒಕ್ಕಣೆಗೆ ಬಿಟ್ಟಿರುತ್ತಾರೆ. ಒಂದು ಕಡೆಯ ಟೈರು ಹುಲ್ಲಿನ ಮೇಲೆ, ಇನ್ನೊಂದು ಕಡೆಯದು ಟಾರಿನ ಮೇಲೆ. ನಮ್ಮ ಪಾವಗಡ ತಾಲ್ಲೂಕಿನ ತಿರುಮಣಿ ಕಡೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದ ಮೇಲೆ ಆ ದಿಕ್ಕಿಗೆ ದಾರಿ ಹಿಡಿದವರು ದೊಡ್ಡ ಗಾಡಿಗಳಿಗೆ ಪಕ್ಕ ಬಿಟ್ಟುಕೊಟ್ಟೇ ಹೋಗಬೇಕು. ಆ ಋಣದ ಅಳತೆಯನ್ನು ಕಂಡುಹಿಡಿದದ್ದೇ ಇಂಥ ಗಳಿಗೆಗಾಗಿ. ಪಾವಗಡದ ರಸ್ತೆಯಲ್ಲಿ ಓಡಾಡುವವನು ಅದನ್ನು ದುಡ್ಡು ಕೊಟ್ಟು ಕಳೆದುಕೊಳ್ಳಬಾರದು.

“ಅಗಲ ಆದ್ರೆ ಗಾಡಿ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲಲ್ವಾ ಮಾವ?” ಅಂತ ನೀನು ಕೇಳಿಯೇ ಕೇಳುತ್ತೀಯ. ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಎಷ್ಟು ಅನ್ನುವುದನ್ನೂ ನೋಡು. ನಿನ್ನ ಕಾರಿನ ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರಿಗೆ ಹತ್ತಿರದ ಅಂತರವಿದೆ. ಎರಡೂ ಕಡೆ 10 ಮಿ.ಮೀ. ಸ್ಪೇಸರ್ ಇಟ್ಟರೆ ಹೆಚ್ಚುವುದು 20 ಮಿ.ಮೀ., ಅಂದರೆ ನೂರಕ್ಕೆ ಒಂದೂವರೆ ಭಾಗವೂ ಆಗುವುದಿಲ್ಲ. ಜತೆಗೆ ಚಕ್ರ ಹೊರಗೆ ಹೋದಷ್ಟೂ ಸ್ಪ್ರಿಂಗಿನ ಮೇಲೆ ಅದರ ಸನ್ನೆ ಉದ್ದವಾಗಿ, ಸ್ಪ್ರಿಂಗು ಮೊದಲಿಗಿಂತ ಮೆತ್ತಗಿದ್ದಂತೆ ನಡೆದುಕೊಳ್ಳುತ್ತದೆ. ಒಂದು ಕೈಯಲ್ಲಿ ಗಳಿಸಿದ್ದು ಇನ್ನೊಂದು ಕೈಯಲ್ಲಿ ಸೋರಿತು. ಒಳ್ಳೆಯ ಟೈರು ಹಾಕಿ ಗಾಳಿ ಸರಿಯಾಗಿ ಹಿಡಿಸಿದರೆ ಸಿಗುವ ಹಿಡಿತದ ಮುಂದೆ ಈ 20 ಮಿ.ಮೀ. ಲೆಕ್ಕಕ್ಕೇ ಬರುವುದಿಲ್ಲ.

ರೇಸಿನವರ ಉದಾಹರಣೆ ಕೊಟ್ಟು ವಾದಿಸಬೇಡ. ಫೋಕ್ಸ್‌ವ್ಯಾಗನ್‌ನವರು 2010ರಿಂದ ನಮ್ಮ ದೇಶದಲ್ಲಿ ಪೋಲೋ ಕಪ್ ಅಂತ ರೇಸು ನಡೆಸಿದರು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ನಿನ್ನ ಕಾರಿನ ಅಣ್ಣತಮ್ಮಂದಿರೇ ಓಡಿವೆ. ಅಲ್ಲಿ ಒಂದೊಂದು ಓಟ ಮುಗಿದಾಗಲೂ ಮೆಕ್ಯಾನಿಕ್ಕುಗಳು ಚಕ್ರ ಬಿಚ್ಚಿ, ಬೋಲ್ಟು ನೋಡಿ, ಬೇರಿಂಗು ಅಲುಗಿಸಿ, ಬೇಕಾದರೆ ಬದಲಿಸಿ ಮತ್ತೆ ಇಳಿಸುತ್ತಾರೆ. ನೀನು ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಕೊರಟಗೆರೆ, ಮಧುಗಿರಿ ದಾಟಿ ಊರು ಸೇರಿಕೊಂಡು ಮಲಗುವವನು. ಬೋಲ್ಟು ಯಾರು ನೋಡುತ್ತಾರೆ?

ಬೋಲ್ಟಿನ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲು. ಚಕ್ರವನ್ನು ಬೋಲ್ಟು ಹೊತ್ತುಕೊಂಡಿದೆ ಅಂತ ಬಹಳ ಜನ ತಿಳಿದಿದ್ದಾರೆ. ಅಸಲಿಗೆ ಬೋಲ್ಟಿನ ಕೆಲಸ ಒತ್ತಿ ಹಿಡಿಯುವುದು. ಚಕ್ರದ ಮುಖವನ್ನು ಹಬ್‌ನ ಮುಖಕ್ಕೆ ಎಷ್ಟು ಬಲವಾಗಿ ಒತ್ತುತ್ತದೆಂದರೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಗಾಡಿಯ ಭಾರವನ್ನೂ ಬ್ರೇಕಿನ ಬಲವನ್ನೂ ತಾಳಿಕೊಳ್ಳುತ್ತದೆ. ನಿನ್ನ ಕಾರಿನದು 14 ಮಿ.ಮೀ. ದಪ್ಪದ, 1.5 ಮಿ.ಮೀ. ತ್ರೆಡ್ಡಿನ ಬೋಲ್ಟು, ಬಿಗಿಯಬೇಕಾದ ಬಲ 120 ನ್ಯೂಟನ್ ಮೀಟರ್. ಅಷ್ಟು ಬಿಗಿದಾಗ ಒಂದು ಬೋಲ್ಟು ಸುಮಾರು 4 ಟನ್ ಬಲದಿಂದ ಚಕ್ರವನ್ನು ಒತ್ತುತ್ತದೆ, ಐದೂ ಸೇರಿ ಸುಮಾರು 20 ಟನ್. ಈ ಒತ್ತಡ ಸಡಿಲಿತೋ, ಚಕ್ರ ಕೂದಲೆಳೆಯಷ್ಟು ಅತ್ತಿತ್ತ ಜರುಗತೊಡಗುತ್ತದೆ. ಜರುಗಿದಷ್ಟೂ ಬೋಲ್ಟು ಬಾಗುತ್ತದೆ, ಬಾಗಿ ಬಾಗಿ ದಣಿದು ಮುರಿಯುತ್ತದೆ. ಒಂದು ಮುರಿದರೆ ಅದರ ಪಾಲು ಉಳಿದ ನಾಲ್ಕರ ಮೇಲೆ.

ಸ್ಪೇಸರ್ ಇಲ್ಲದಾಗ ಹೀಗೆ ಒತ್ತಿ ಕೂರುವ ಜಾಗ ಒಂದೇ: ಹಬ್ ಮತ್ತು ಚಕ್ರ. ಸ್ಪೇಸರ್ ಬಂದರೆ ಎರಡಾಗುತ್ತದೆ. ಹಬ್ ಮೇಲೆ ತುಕ್ಕಿದ್ದರೆ, ಸ್ಪೇಸರಿಗೆ ದಪ್ಪ ಬಣ್ಣ ಹೊಡೆದಿದ್ದರೆ, ನಡುವೆ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೆ, ಬಿಗಿಯುವಾಗ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಓಡುತ್ತಾ ಓಡುತ್ತಾ ಆ ತುಕ್ಕು, ಆ ಬಣ್ಣ ಪುಡಿಯಾಗಿ ಉದುರಿದಾಗ ಒತ್ತಡ ಇಳಿಯುತ್ತದೆ. ಬೋಲ್ಟು ತಾನಾಗಿ ತಿರುಗಿರುವುದೇ ಇಲ್ಲ, ಆದರೂ ಸಡಿಲ.

ಇಷ್ಟು ಕೇಳಿಯೂ ಹಾಕಿಸಲೇಬೇಕು ಅಂತಿದ್ದರೆ, ಸರಿಯಾಗಿ ಹಾಕಿಸುವುದು ಹೇಗೆ ಅಂತಾದರೂ ತಿಳಿದುಕೋ.

ಸ್ಪೇಸರ್‌ಗಳಲ್ಲಿ ಎರಡು ಜಾತಿ. ತೆಳ್ಳಗಿನದನ್ನು ಹಬ್‌ಗೂ ಚಕ್ರಕ್ಕೂ ನಡುವೆ ಸುಮ್ಮನೆ ಇಟ್ಟು, ಉದ್ದದ ಬೋಲ್ಟಿನಿಂದ ಎಲ್ಲವನ್ನೂ ಸೇರಿಸಿ ಬಿಗಿಯುತ್ತಾರೆ. ದಪ್ಪನೆಯದನ್ನು, ಸಾಮಾನ್ಯವಾಗಿ 20 ಮಿ.ಮೀ. ಮತ್ತು ಅದಕ್ಕಿಂತ ಮೇಲಿನದನ್ನು, ಮೊದಲು ಹಬ್‌ಗೆ ಬೋಲ್ಟು ಮಾಡಿ, ಆಮೇಲೆ ಚಕ್ರವನ್ನು ಆ ಸ್ಪೇಸರಿಗೆ ಬಿಗಿಯುತ್ತಾರೆ. ಎರಡನೆಯದರಲ್ಲಿ ಒಳಗಿನ ಬೋಲ್ಟುಗಳು ಚಕ್ರದ ಹಿಂದೆ ಅಡಗಿರುತ್ತವೆ. ಚಕ್ರ ಬಿಚ್ಚದೆ ಅವು ಬಿಗಿ ಇವೆಯೋ ಇಲ್ಲವೋ ನೋಡಲಾಗದು. ಅದನ್ನು ನೀನು ಯೋಚನೆಯಿಂದಲೇ ತೆಗೆದುಬಿಡು. ಹಾಕುವುದಿದ್ದರೆ ತೆಳ್ಳಗಿನದು, ಅದೂ ಒಂದಂಕಿಯ ಮಿಲಿಮೀಟರಿಗೋ ಹತ್ತಕ್ಕೋ ನಿಲ್ಲಿಸು.

ನಿನ್ನ ಹಬ್‌ನಲ್ಲಿ ಬೋಲ್ಟು ತೂತುಗಳು ಐದು, 100 ಮಿ.ಮೀ. ವೃತ್ತದ ಮೇಲೆ. ನಡುವಿನ ತೂತಿನ ಅಳತೆ 57.1 ಮಿ.ಮೀ. ಸ್ಪೇಸರಿನ ನಡುತೂತು ಇದಕ್ಕೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂರಬೇಕು. “ಎಲ್ಲಾ ಗಾಡಿಗೂ ಆಗ್ತೈತೆ” ಅಂತ ಹತ್ತಾರು ತೂತು ಕೊರೆದು ಮಾರುತ್ತಾರಲ್ಲ, ಅಂಥದ್ದನ್ನು ಕೈಯಲ್ಲೂ ಮುಟ್ಟಬೇಡ. ಹಬ್‌ನ ನಡುವೆ ಮುಂದಕ್ಕೆ ಚಾಚಿದ ಒಂದು ಬಳೆ ಇರುತ್ತದೆ. ಚಕ್ರ ನಡುಮಧ್ಯಕ್ಕೆ ಕೂರುವುದು ಅದರ ಮೇಲೆ. ಸ್ಪೇಸರ್ ಆ ಬಳೆಯನ್ನು ನುಂಗಿಬಿಟ್ಟರೆ ಚಕ್ರಕ್ಕೆ ಆಸರೆ ತಪ್ಪುತ್ತದೆ. ಅದಕ್ಕೆ ಸ್ಪೇಸರಿನ ಹೊರಮುಖಕ್ಕೂ ಅಂಥದೇ ಬಳೆ ಇರಲೇಬೇಕು. ಬಹಳ ತೆಳ್ಳಗಿನ ಸ್ಪೇಸರುಗಳಲ್ಲಿ ಬಳೆ ಮಾಡಲು ಜಾಗವೇ ಇರುವುದಿಲ್ಲ, ಅದನ್ನೂ ನೋಡಿಕೋ. ಚಕ್ರ ನಡುವಿಗೆ ಕೂರದಿದ್ದರೆ 80, 90ರ ವೇಗಕ್ಕೆ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಆಗ ಬ್ಯಾಲೆನ್ಸಿಂಗ್ ಅಂಗಡಿಯವನ ಮೇಲೆ ರೇಗಿ ಪ್ರಯೋಜನವಿಲ್ಲ.

ಬೋಲ್ಟಿನ ಉದ್ದ ಸ್ಪೇಸರಿನ ದಪ್ಪದಷ್ಟೇ ಹೆಚ್ಚಬೇಕು. ಮೂಲ ಬೋಲ್ಟು 27 ಮಿ.ಮೀ. ಇದ್ದು ಸ್ಪೇಸರ್ 10 ಮಿ.ಮೀ. ಆದರೆ ಹೊಸದು 37. ಗಿಡ್ಡವಾದರೆ ಹಿಡಿತ ಸಾಲದು. ಉದ್ದವಾದರೆ ಹಬ್ ದಾಟಿ ಹಿಂದಿನ ಭಾಗಗಳಿಗೆ ತಾಗುತ್ತದೆ. ಪರೀಕ್ಷೆ ಮಾಡಲು ಸುಲಭದ ದಾರಿ ಹೇಳುತ್ತೇನೆ. ಸ್ಪೇಸರ್ ಹಾಕುವ ಮುಂಚೆ ಮೂಲ ಬೋಲ್ಟನ್ನು ಕೈಯಿಂದ ತಿರುಗಿಸಿ, ಪೂರ್ತಿ ಕೂರಲು ಎಷ್ಟು ಸುತ್ತು ಬೇಕು ಎಣಿಸು. ಸ್ಪೇಸರ್ ಹಾಕಿದ ಮೇಲೆ ಹೊಸ ಬೋಲ್ಟೂ ಅಷ್ಟೇ ಸುತ್ತು ಹಿಡಿಯಬೇಕು.

ಬೋಲ್ಟಿನ ತಲೆಯ ಕೆಳಭಾಗವನ್ನೂ ಬೆರಳಿಟ್ಟು ನೋಡು. ನಿನ್ನ ಕಂಪನಿ ಚಕ್ರಕ್ಕೆ ಬರುವ ಬೋಲ್ಟಿನ ತಲೆ ಕೆಳಗೆ ಚೆಂಡಿನಂತೆ ದುಂಡಗಿರುತ್ತದೆ. ಹೊರಗೆ ಸಿಗುವ ಅಲಾಯ್ ಚಕ್ರಗಳಿಗೆ ಬೇಕಾದದ್ದು ಸಾಮಾನ್ಯವಾಗಿ 60 ಡಿಗ್ರಿಯ ಶಂಕುವಿನಾಕಾರದ್ದು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ತಿರುಗುತ್ತದೆ, ಬಿಗಿಯೂ ಆಗುತ್ತದೆ, ಆದರೆ ಕೂರುವುದು ಸಣ್ಣದೊಂದು ಅಂಚಿನ ಮೇಲೆ ಮಾತ್ರ. ಆ ಅಂಚು ಸವೆದ ದಿನ ಬೋಲ್ಟು ಸಡಿಲ. ಅಂಗಡಿಯವರು ಇದನ್ನು ಹೇಳದಿದ್ದರೆ ನೀನೇ ಕೇಳು. ಬೋಲ್ಟಿನ ತಲೆಯ ಮೇಲೆ 10.9 ಅಂತ ದರ್ಜೆಯ ಗುರುತು ಇದೆಯೇ ಅಂತಲೂ ನೋಡು.

ನಿನ್ನ ಗೆಳೆಯರ ಮಾರುತಿ, ಹ್ಯುಂಡೈ, ಕಿಯಾ ಗಾಡಿಗಳ ಕಥೆ ಬೇರೆ. ಪಕ್ಕದ ಪೆನುಕೊಂಡೆ ಹತ್ತಿರವೇ ಕಿಯಾ ಕಾರ್ಖಾನೆ ಬಂದಮೇಲೆ ನಮ್ಮ ಕಡೆ ಆ ಗಾಡಿಗಳೇನು ಕಡಿಮೆಯೇ? ಅವುಗಳಲ್ಲಿ ಹಬ್‌ಗೇ ಸ್ಟಡ್ ಕೂರಿಸಿ, ಹೊರಗಿನಿಂದ ನಟ್ಟು ಬಿಗಿಯುತ್ತಾರೆ. ಸ್ಟಡ್ಡಿನ ಉದ್ದ ಅಷ್ಟೇ ಇರುವುದರಿಂದ ಸ್ಪೇಸರ್ ತಿಂದಷ್ಟೂ ನಟ್ಟಿಗೆ ಹಿಡಿತ ಕಡಿಮೆ. ಉದ್ದದ ಸ್ಟಡ್ ಒತ್ತಿ ಕೂರಿಸದೆ ಸ್ಪೇಸರ್ ಇಟ್ಟರೆ ನಟ್ಟು ಎರಡು ಮೂರು ಸುತ್ತಿನ ಮೇಲೆ ನಿಂತಿರುತ್ತದೆ. ಅವರಿಗೂ ಈ ಮಾತು ಮುಟ್ಟಿಸು.

ಹಾಕುವ ದಿನ ಹಬ್ ಮುಖವನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಿಸು. ಮುಖಗಳ ನಡುವೆ ಗ್ರೀಸು ಹಚ್ಚಲು ಬಿಡಬೇಡ. ಘರ್ಷಣೆಯಿಂದಲೇ ನಿಲ್ಲುವ ಜಾಗದಲ್ಲಿ ಗ್ರೀಸು ಹಚ್ಚಿದರೆ ಕಥೆ ಮುಗಿಯಿತು. ಬೋಲ್ಟುಗಳನ್ನು ಮೊದಲು ಕೈಯಿಂದಲೇ ಕೂರಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಗೆರೆಯಲ್ಲಿ ಬಿಗಿಯಬೇಕು. ಗಾಳಿಯ ಗನ್ ಹಿಡಿದು ಟರ್ರ್ ಅಂತ ಒತ್ತಿ “ಆಯ್ತು ಹೋಗಣ್ಣ” ಅಂದರೆ ಒಪ್ಪಬೇಡ. ಗನ್ ಎಷ್ಟು ಬಿಗಿಯಿತು ಅಂತ ಗನ್ನಿಗೂ ಗೊತ್ತಿಲ್ಲ, ಹಿಡಿದವನಿಗೂ ಗೊತ್ತಿಲ್ಲ. ಟಾರ್ಕ್ ರೆಂಚ್ ಇಟ್ಟು 120ಕ್ಕೆ ಬಿಗಿಸು. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಚಕ್ರ ತಣ್ಣಗಾಗಲು ಬಿಟ್ಟು ಮತ್ತೆ ನೋಡು. ನೀನು ಬೆಂಗಳೂರಿನಲ್ಲಿ ಹಾಕಿಸಿದರೆ ಮಧುಗಿರಿ ಮುಟ್ಟುವ ಹೊತ್ತಿಗೆ ಆ ನೂರು ಕಿ.ಮೀ. ಮುಗಿದಿರುತ್ತದೆ, ಏಕಶಿಲಾ ಬೆಟ್ಟ ನೋಡುತ್ತಾ ಅಲ್ಲೇ ಎಲ್ಲಾದರೂ ನಿಲ್ಲಿಸಿ, ಒಂದು ಟೀ ಕುಡಿದು, ಇಪ್ಪತ್ತು ಬೋಲ್ಟನ್ನೂ ಮುಟ್ಟಿ ನೋಡಿಯೇ ಮುಂದೆ ಹೊರಡು.

ಒಬ್ಬನೇ ಕೂತು ಓಡಿಸಿ ನೋಡಿ “ತಾಗಲ್ಲ” ಅನ್ನಬೇಡ. ಮನೆಯವರನ್ನೆಲ್ಲ ಕೂರಿಸಿಕೊಂಡು, ಡಿಕ್ಕಿ ತುಂಬಿಕೊಂಡು ನಾಗಲಮಡಿಕೆ ಜಾತ್ರೆಗೆ ಹೊರಟಾಗ ಗಾಡಿ ಎಷ್ಟು ಕೆಳಗೆ ಕೂರುತ್ತದೆ ನೋಡು. ಆಗ ಹಂಪು ಹತ್ತಿ ಇಳಿಯುವಾಗ ಹೊರಗೆ ಬಂದ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ಆ ಅಂಚು ಟೈರಿನ ಪಕ್ಕೆಯನ್ನು ಕೊಯ್ಯುತ್ತದೆ. ಪಕ್ಕೆ ಕೊಯ್ದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಔಷಧವಿಲ್ಲ. ಟೈರು ಮಡ್‌ಗಾರ್ಡ್ ದಾಟಿ ಹೊರಗೆ ಬಂದರೆ, ಹಿಂದೆ ಬರುವ ಬೈಕಿನವನ ಮುಖಕ್ಕೆ ಕಲ್ಲು ಹಾರುತ್ತದೆ ಅನ್ನುವುದನ್ನೂ ನೆನಪಿಡು.

ಇನ್ನು ಬಹಳ ಜನ ಮರೆಯುವ ಒಂದು ವಿಷಯ: ಸ್ಟೆಪ್ನಿ. ರಾತ್ರಿ ಹೊತ್ತು ಪಂಕ್ಚರ್ ಆಯಿತು ಅಂತಿಟ್ಟುಕೋ. ಚಕ್ರ ಬಿಚ್ಚಿದಾಗ ಸ್ಪೇಸರೂ ಕೈಗೆ ಬರುತ್ತದೆ. ಗಡಿಬಿಡಿಯಲ್ಲಿ ಅದನ್ನು ಪಕ್ಕಕ್ಕಿಟ್ಟು, ಸ್ಟೆಪ್ನಿ ಇಟ್ಟು, ಕೈಗೆ ಸಿಕ್ಕ ಉದ್ದದ ಬೋಲ್ಟುಗಳನ್ನೇ ಬಿಗಿದರೆ ಅವು ಹಬ್ ಹಿಂದಕ್ಕೆ ಚಾಚಿಕೊಳ್ಳುತ್ತವೆ. ನಿನ್ನ ಕಾರಿಗೆ ಹಿಂದೆ ಇರುವುದು ಡ್ರಮ್ ಬ್ರೇಕು. ಬೋಲ್ಟಿನ ತುದಿ ಡ್ರಮ್ಮಿನೊಳಗೆ ಹೋಗಿ ಬ್ರೇಕಿನ ಭಾಗಗಳನ್ನೇ ಕಿತ್ತುಹಾಕಬಲ್ಲದು. ಅದಕ್ಕೆ ಕಂಪನಿಯ ಮೂಲ ಬೋಲ್ಟುಗಳ ಒಂದು ಪೂರ್ತಿ ಜೊತೆ, ಮೇಲೆ ಚೀಟಿ ಅಂಟಿಸಿ, ಸ್ಟೆಪ್ನಿ ಗುಂಡಿಯೊಳಗೇ ಇಟ್ಟಿರಬೇಕು. ಗಾಡಿ ಓಡಿಸುವ ಮನೆಮಂದಿಗೆಲ್ಲ ಇದು ಗೊತ್ತಿರಬೇಕು. ನಿನ್ನ ತಂಗಿಯೂ ಆ ಕಾರು ಓಡಿಸುತ್ತಾಳಲ್ಲ? ಅವಳಿಗೆ ಹೇಳದೆ ಇದನ್ನು ಮಾಡಿಸಬೇಡ.

ಕಾನೂನಿನ ಮಾತನ್ನೂ ಮುಗಿಸಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಅನ್ನು ಹೊಸದಾಗಿ ಬರೆದರು: ಅನುಮತಿಯಿಲ್ಲದೆ ಗಾಡಿಗೆ ಏನಾದರೂ ಜೋಡಿಸಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಜರ್ಮನಿಯಲ್ಲಿ ಸ್ಪೇಸರ್ ಮಾಡುವ ಕಂಪನಿ ಅದಕ್ಕೆ ಪರೀಕ್ಷೆಯ ಪತ್ರ ಕೊಡುತ್ತದೆ, ತಪಾಸಣೆ ಮಾಡಿಸಿ ಗಾಡಿಯ ದಾಖಲೆಗೆ ಸೇರಿಸಿಕೊಳ್ಳುವ ಪದ್ಧತಿಯೂ ಇದೆ. ನಮ್ಮಲ್ಲಿ ಅಂಥ ರೂಢಿ ಬೆಳೆದಿಲ್ಲ. ನಿನ್ನ ಗಾಡಿಗೆ ಕೆಎ 64 ನಂಬರು. ಮಧುಗಿರಿಯ ಆರ್‌ಟಿಒ ಕಚೇರಿಗೆ ಹೋಗಿ ಬಾಯಿಮಾತಲ್ಲಿ ಕೇಳದೆ, ಬರೆದುಕೊಟ್ಟು ಉತ್ತರ ಕೇಳು. ನಮ್ಮ ತಾಲ್ಲೂಕಿನ ಮೂರು ದಿಕ್ಕಿಗೂ ಆಂಧ್ರ. ಹಿಂದೂಪುರ, ಮಡಕಶಿರಾ ಅಂತ ನೀನು ಊರಿಗೆ ಬಂದಾಗಲೆಲ್ಲ ಗಡಿ ದಾಟುವವನು. ಆ ಕಡೆಯ ಪೊಲೀಸರ ಕೈಯಲ್ಲಿರುವುದೂ ಇದೇ ಕಾಯ್ದೆ.

ವಿಮೆ ಕಂಪನಿಗೂ ಮೊದಲೇ ತಿಳಿಸಬೇಕು. ಹೇಳದೆ ಮಾಡಿಸಿ, ಅಪಘಾತವಾದ ಮೇಲೆ ಸರ್ವೇಯರ್ ಬಂದು ಚಕ್ರದ ಹಿಂದೆ ಕೈಹಾಕಿ ನೋಡಿದರೆ, ನಿನ್ನ ಗಾಡಿಯ ರಿಪೇರಿ ದುಡ್ಡಿಗೆ ತಕರಾರು ತೆಗೆಯಲು ಅವರಿಗೆ ಒಂದು ಕಾರಣ ಸಿಕ್ಕಿದಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಕೆಲವು ಸಾವಿರದ ಬಿಲ್ಲೆಗೆ ಲಕ್ಷದ ವಿಮೆಯನ್ನು ಒತ್ತೆ ಇಡಬೇಡ.

ಅಂದಕ್ಕಾಗಿಯೇ ಇಷ್ಟೆಲ್ಲ ಅಂತಾದರೆ ಅದಕ್ಕೂ ದಾರಿ ಇದೆ. ಕಂಪನಿಯೇ ಅದೇ ಮಾದರಿಗೆ ಕೊಟ್ಟ, ನಿನ್ನ ಗಾಡಿಗೆ ಒಪ್ಪುವ ಅಳತೆಯ ಅಲಾಯ್ ಚಕ್ರಗಳನ್ನು ಹುಡುಕು. ಅದರಲ್ಲಿ ನಡುವೆ ಬಿಲ್ಲೆಯಿಲ್ಲ, ಬೋಲ್ಟಿನ ಗೋಜಲಿಲ್ಲ, ಒತ್ತಿ ಕೂರುವ ಮುಖವೂ ಒಂದೇ. ಅದಕ್ಕೂ ಮೊದಲು ಈಗಿರುವ ಟೈರು ಎಷ್ಟು ಹಳೆಯದು ನೋಡು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹಳೆಯ ಮಾಲೀಕ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದ ಅಂತ ಕೇಳಿದೆಯಾ? ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅಲೈನ್‌ಮೆಂಟ್ ಮಾಡಿಸಿದೆಯಾ? ಮುಂದಿನ ಬುಷ್‌ಗಳು, ಶಾಕಪ್ಪು ಹೇಗಿವೆ? ಗಾಡಿ ತಿರುವಿನಲ್ಲಿ ಕಚ್ಚಿಕೊಂಡು ಹೋಗುವುದು ಇವುಗಳಿಂದ. ಸ್ಪೇಸರಿನ ದುಡ್ಡನ್ನು ಇಲ್ಲಿ ಹಾಕಿದರೆ ಸ್ಟೀರಿಂಗ್ ಹಿಡಿದ ಕೈಗೆ ವ್ಯತ್ಯಾಸ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು ಅಳಿಯಾ. ಸ್ಪೇಸರ್ ಹಾಕಿಸು, ಬಿಡು, ಒಂದು ಒಳ್ಳೆಯ ಟಾರ್ಕ್ ರೆಂಚನ್ನಂತೂ ಕೊಂಡುಕೋ. ಪಂಕ್ಚರ್ ಆಗಲಿ, ಸರ್ವೀಸ್ ಆಗಲಿ, ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ನಿನ್ನ ಕೈಯಿಂದಲೇ ಬಿಗಿದು ನೋಡು. ಆರು ತಿಂಗಳು ಹಾಗೆ ಮಾಡುವ ತಾಳ್ಮೆ ನಿನಗಿದೆ ಅಂತ ಗೊತ್ತಾದ ಮೇಲೆ ಸ್ಪೇಸರಿನ ಮಾತೆತ್ತು. ಅಲ್ಲಿಯವರೆಗೆ ಚಕ್ರ ಇರುವ ಜಾಗದಲ್ಲೇ ಇರಲಿ.